ಬೂಟ್ ನಡುವೆ ನಿಂತುಹೋಗುತ್ತಿದ್ದ ಸರ್ವರುಗಳು: ಒಂದು ನೆಟ್‌ವರ್ಕ್ ಡ್ರೈವರಿನ ಬೆನ್ನು ಹತ್ತಿದ ಅನುಭವ

ಲಿನಕ್ಸ್ ಯಂತ್ರವೊಂದು ಬೂಟ್ ಆಗುತ್ತ ನಡುದಾರಿಯಲ್ಲಿ ನಿಂತುಬಿಟ್ಟರೆ ಪರದೆಯ ಮೇಲೆ ಕೊನೆಗೆ ಉಳಿದ ಸಾಲಿನ ಮೇಲೆಯೇ ಮೊದಲ ಅನುಮಾನ ಬೀಳುತ್ತದೆ. ನಾನು ನೋಡಿಕೊಳ್ಳುತ್ತಿದ್ದ ಸರ್ವರುಗಳಲ್ಲಿ ಕೆಲವು, ಹೊಸ ಕರ್ನಲ್ (ಲಿನಕ್ಸಿನ ತಿರುಳಾದ ತಂತ್ರಾಂಶ) ಹಾಕಿದ ಮೇಲೆ ಹೀಗೆ ನಿಲ್ಲತೊಡಗಿದಾಗ, ಆ ಕೊನೆಯ ಸಾಲು ಯುಎಸ್‌ಬಿ ಕೀಬೋರ್ಡ್ ಪತ್ತೆಯಾಯಿತೆಂದು ಹೇಳುತ್ತಿತ್ತು. ಕೀಬೋರ್ಡ್ ತೆಗೆದಿಟ್ಟರೆ ಕೊನೆಯ ಸಾಲು ಡಿಸ್ಕಿನದಾಗುತ್ತಿತ್ತು. ನಿಲ್ಲುವುದು ಮಾತ್ರ ತಪ್ಪುತ್ತಿರಲಿಲ್ಲ. ಇಂದಿನ ಕರ್ನಲ್ ಅನೇಕ ಸಾಧನಗಳನ್ನು ಒಟ್ಟೊಟ್ಟಿಗೆ ಸಜ್ಜುಗೊಳಿಸುತ್ತದೆಯಾದ್ದರಿಂದ, ಕೊನೆಯ ಸಾಲನ್ನು ಬರೆದ ಡ್ರೈವರ್ (ಒಂದು ಸಾಧನವನ್ನು ನಡೆಸುವ ಕರ್ನಲ್ ಭಾಗ) ಸಾಮಾನ್ಯವಾಗಿ ತನ್ನ ಕೆಲಸವನ್ನು ಮುಗಿಸಿಯೇ ಆ ಸಾಲನ್ನು ಬರೆದಿರುತ್ತದೆ. ಎಲ್ಲೋ ಸಿಕ್ಕಿಕೊಂಡಿರುವ ಡ್ರೈವರ್ ಏನನ್ನೂ ಬರೆಯುವುದಿಲ್ಲ. ಆದ್ದರಿಂದ ಹುಡುಕಬೇಕಾದದ್ದು ಬಾರದೇ ಹೋದ ಸಾಲನ್ನು.

ತೊಂದರೆಗೆ ಇನ್ನೊಂದು ಲಕ್ಷಣವೂ ಇತ್ತು. ವಿದ್ಯುತ್ತನ್ನು ಪೂರ್ತಿ ಕಡಿದು ಮತ್ತೆ ಕೊಟ್ಟರೆ ಯಂತ್ರ ಯಾವ ತಕರಾರೂ ಇಲ್ಲದೆ ಏಳುತ್ತಿತ್ತು. ರೀಬೂಟ್ ಕೊಟ್ಟಾಗ ಮಾತ್ರ ಆಗೊಮ್ಮೆ ಈಗೊಮ್ಮೆ ನಿಲ್ಲುತ್ತಿತ್ತು. ಈ ಯಂತ್ರಗಳ ಡಿಸ್ಕುಗಳು ಗೂಢಲಿಪೀಕರಣಗೊಂಡಿದ್ದು, ಅವುಗಳನ್ನು ತೆರೆಯುವ ಕೀಲಿ ನೆಟ್‌ವರ್ಕ್ ಮೂಲಕ ಬರಬೇಕಾಗಿತ್ತು. ಹಾಗಾಗಿ ನೆಟ್‌ವರ್ಕ್ ಡ್ರೈವರ್ ಇನಿಟ್‌ರಾಮ್‌ಎಫ್‌ಎಸ್ ಎಂಬ, ಬೂಟಿನ ಆರಂಭದಲ್ಲಿ ಮೆಮೊರಿಗೆ ಬರುವ ಚಿಕ್ಕ ಫೈಲ್ ವ್ಯವಸ್ಥೆಯ ಒಳಗೇ ಸೇರಿಕೊಂಡಿತ್ತು, ಅಂದರೆ ಮೂಲ ಡಿಸ್ಕ್ ಮೌಂಟ್ ಆಗುವುದಕ್ಕೂ ಮೊದಲೇ ಅದು ಕೆಲಸ ಆರಂಭಿಸುತ್ತಿತ್ತು. ನೆಟ್‌ವರ್ಕ್ ಏಳದಿದ್ದರೆ ಕೀಲಿ ಇಲ್ಲ, ಕೀಲಿ ಇಲ್ಲದಿದ್ದರೆ ಡಿಸ್ಕ್ ಇಲ್ಲ, ಡಿಸ್ಕ್ ಇಲ್ಲದಿದ್ದರೆ ಲಾಗ್ ಉಳಿಯುವುದಿಲ್ಲ. ನಿಂತ ಯಂತ್ರವನ್ನು ವಿದ್ಯುತ್ ಕಡಿದು ಎಬ್ಬಿಸಿದ ಮೇಲೆ ಹಿಂದಿನ ಬೂಟಿನ ಜರ್ನಲ್ ತೆರೆದರೆ ಅಲ್ಲಿ ಆ ಬೂಟಿನ ಹೆಜ್ಜೆ ಗುರುತೇ ಇರುತ್ತಿರಲಿಲ್ಲ.

ಇಂಥ ಸಂದರ್ಭದಲ್ಲಿ ನಾನು ಪೂರ್ತಿ ನಂಬುವುದು ಸೀರಿಯಲ್ ಕನ್ಸೋಲನ್ನು, ಅಂದರೆ ಸೀರಿಯಲ್ ತಂತಿಯ ಮೂಲಕ ಹೊರಬರುವ ಕರ್ನಲ್ ಸಂದೇಶಗಳನ್ನು ಮಾತ್ರ. ಕರ್ನಲ್ ಸಂದೇಶಗಳನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರಕ್ಕೆ ಕಳುಹಿಸುವ ನೆಟ್‌ಕನ್ಸೋಲ್ ಒಳ್ಳೆಯ ಸಾಧನವೇ ಆದರೂ, ನೆಟ್‌ವರ್ಕ್ ಡ್ರೈವರೇ ಸಂಶಯದಲ್ಲಿರುವಾಗ ಅದರಿಂದ ಪ್ರಯೋಜನವಿಲ್ಲ. ಪಿಸ್ಟೋರ್ ಸಾಮಾನ್ಯವಾಗಿ ಲಾಗನ್ನು ಉಳಿಸಿಕೊಡುವುದು ಕರ್ನಲ್ ಕುಸಿದಾಗ. ಇಲ್ಲಿ ಕರ್ನಲ್ ಕುಸಿಯುತ್ತಿರಲಿಲ್ಲ, ಕಾಯುತ್ತಿತ್ತು. ಆದ್ದರಿಂದ 115200 ಬಾಡ್ ವೇಗಕ್ಕೆ ಸೀರಿಯಲ್ ಪೋರ್ಟನ್ನು ಹೊಂದಿಸಿ, ಇನ್ನೊಂದು ಯಂತ್ರದಲ್ಲಿ ಅದರ ಮಾತೆಲ್ಲ ಫೈಲಿಗೆ ಇಳಿಯುವಂತೆ ಮಾಡಿದೆ. ಕರ್ನಲ್ ಕಮಾಂಡ್ ಲೈನಿನಿಂದ 'ಕ್ವಯಟ್' ತೆಗೆದು 'ಇಗ್ನೋರ್_ಲಾಗ್‌ಲೆವೆಲ್', 'ಇನಿಟ್‌ಕಾಲ್_ಡೀಬಗ್' ಮತ್ತು 'ಸಿಸ್‌ಆರ್‌ಕ್ಯೂ_ಆಲ್ವೇಸ್_ಎನೇಬಲ್ಡ್' ಎಂಬ ಮೂರನ್ನು ಸೇರಿಸಿದೆ. ಮೊದಲನೆಯದು ಯಾವ ಸಂದೇಶವನ್ನೂ ಮುಚ್ಚಿಡದೆ ಕನ್ಸೋಲಿಗೆ ಹರಿಸುತ್ತದೆ. ಎರಡನೆಯದು ಪ್ರತಿ ಆರಂಭಿಕ ಕಾರ್ಯ ಶುರುವಾದದ್ದನ್ನೂ ಎಷ್ಟು ಮೈಕ್ರೊಸೆಕೆಂಡಿನಲ್ಲಿ ಮುಗಿಯಿತೆಂಬುದನ್ನೂ ಬರೆಯುತ್ತದೆ. ಮೂರನೆಯದು ಇರುವುದು, ಯಂತ್ರ ನಿಂತ ಮೇಲೂ ಸಿಸ್‌ಆರ್‌ಕ್ಯೂ ಎಂಬ ತುರ್ತು ಕೀಲಿಗಳಿಂದ ಕರ್ನಲ್ ಜೊತೆ ಮಾತಾಡುವುದಕ್ಕೆ.

ಯಂತ್ರ ನಿಂತ ಒಂದು ಬೂಟಿನ ಲಾಗ್ ಕೈಗೆ ಸಿಕ್ಕಾಗ ಮೊದಲು ನೋಡಿದ್ದು ಡ್ರೈವರಿನ ಆರಂಭಿಕ ಕಾರ್ಯವನ್ನು. ಅದು ಸೊನ್ನೆಯೊಂದಿಗೆ, ಅಂದರೆ ಯಶಸ್ವಿಯಾಗಿ, ತುಂಬ ಬೇಗ ಮರಳಿತ್ತು. ಇದನ್ನು ನೋಡಿ ಡ್ರೈವರ್ ನಿರಪರಾಧಿ ಎಂದು ತೀರ್ಮಾನಿಸುವ ಹಾಗಿಲ್ಲ, ಏಕೆಂದರೆ ಈ ಡ್ರೈವರಿನಲ್ಲಿ ಸಾಧನವನ್ನು ನಿಜವಾಗಿ ಹಿಡಿದು ಸಜ್ಜುಗೊಳಿಸುವ ಪ್ರೋಬ್ ಹಂತ ಹಿನ್ನೆಲೆಯಲ್ಲಿ, ಬೇರೆ ಥ್ರೆಡ್ಡಿನಲ್ಲಿ ನಡೆಯುತ್ತದೆ. ಅದೇ ಡೀಬಗ್ ಆಯ್ಕೆ ಪ್ರತಿ ಪ್ರೋಬ್ ಮುಗಿದಾಗಲೂ ಒಂದು ಸಾಲು ಬರೆಯುತ್ತದೆ. ಕಾರ್ಡಿನಲ್ಲಿ ಎರಡು ಪೋರ್ಟುಗಳಿದ್ದವು, ಪಿಸಿಐ ವಿಳಾಸ .0 ಎಂದು ಕೊನೆಗೊಳ್ಳುವ ಪೋರ್ಟಿನ ಪ್ರೋಬ್ ಮರಳಿತೆಂಬ ಸಾಲು ಇತ್ತು. .1 ಎಂದು ಕೊನೆಗೊಳ್ಳುವ ಪೋರ್ಟಿನದು ಇರಲಿಲ್ಲ. ಸರಿಯಾಗಿ ಎದ್ದ ಬೂಟುಗಳ ಲಾಗಿನಲ್ಲಿ ಎರಡೂ ಸಾಲುಗಳಿದ್ದವು. ಬಾರದೇ ಹೋದ ಸಾಲು ಹೀಗೆ ಸಿಕ್ಕಿತು.

ಮುಂದಿನ ಪ್ರಶ್ನೆ, ಸಿಕ್ಕಿಕೊಂಡ ಕಾರ್ಯ ಓಡುತ್ತಿದೆಯೋ ಮಲಗಿದೆಯೋ ಎಂಬುದು. ಡ್ರೈವರ್ ಕಾರ್ಡಿನ ಯಾವುದೋ ರಿಜಿಸ್ಟರನ್ನು (ಸ್ಥಿತಿ ತಿಳಿಸುವ ಸಣ್ಣ ಕೋಶ) ಬಿಡುವಿಲ್ಲದೆ ಓದುತ್ತ ಸುತ್ತುತ್ತಿದ್ದರೆ ಆ ಸಿಪಿಯು ಬೇರೆಯವರಿಗೆ ಸಿಗುವುದಿಲ್ಲ, ಮತ್ತು ಪೂರ್ವನಿಯೋಜಿತ ಮಿತಿಯಂತೆ ಸುಮಾರು 20 ಸೆಕೆಂಡಿನಲ್ಲಿ ಸಾಫ್ಟ್ ಲಾಕಪ್ ಎಂಬ ಎಚ್ಚರಿಕೆ ಬರುತ್ತದೆ. ಅಂಥದ್ದೇನೂ ಬರಲಿಲ್ಲ. ಬದಲಿಗೆ, ತಾಳ್ಮೆಯಿಂದ ಕಾದು ಕೂತರೆ, 120 ಸೆಕೆಂಡು ಮೀರಿದ ಮೇಲೆ ಹಂಗ್ ಟಾಸ್ಕ್ ಎಚ್ಚರಿಕೆಗಳು ಒಂದರ ಹಿಂದೆ ಒಂದು ಇಳಿದವು. ಕರ್ನಲ್‌ನ ಒಂದು ಥ್ರೆಡ್ಡು, ಅಡ್ಡಿಪಡಿಸಲಾಗದ ನಿದ್ರೆಯಲ್ಲಿ ಇಷ್ಟು ಹೊತ್ತು ಉಳಿದ ಕಾರ್ಯಗಳನ್ನು ಹುಡುಕಿ ವರದಿ ಮಾಡುತ್ತಿರುತ್ತದೆ. ಬಹಳ ಜನ ಎರಡು ನಿಮಿಷ ಕಾಯದೆ ವಿದ್ಯುತ್ ಗುಂಡಿ ಒತ್ತಿಬಿಡುತ್ತಾರೆ. ಅತ್ಯಂತ ಬೆಲೆಯುಳ್ಳ ಸಾಕ್ಷ್ಯ ಬರುವುದು ಆ ಎರಡು ನಿಮಿಷ ಕಳೆದ ಮೇಲೆಯೇ. ಈ ಎಚ್ಚರಿಕೆಗಳಿಗೂ ಹತ್ತರ ಮಿತಿ ಇರುವುದರಿಂದ, ಮುಂದಿನ ಪರೀಕ್ಷೆಗಳಿಗೆ ನಾನು ಆ ಮಿತಿಯನ್ನು ತೆಗೆದುಹಾಕಿದೆ.

ಎಚ್ಚರಿಕೆಗಳಲ್ಲಿದ್ದ ಸ್ಟ್ಯಾಕ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದೆ. ಸ್ಟ್ಯಾಕ್‌ನಲ್ಲಿ ತುದಿಯ ಸಾಲು ಈಗ ನಿಂತಿರುವ ಜಾಗ, ಕೆಳಗಿನ ಸಾಲುಗಳು ಅಲ್ಲಿಗೆ ಬಂದ ದಾರಿ. .1 ಪೋರ್ಟಿನ ಪ್ರೋಬ್ 'ರಿಜಿಸ್ಟರ್_ನೆಟ್‌ಡೆವ್' ಮೂಲಕ ಬಂದು 'ಆರ್‌ಟಿಎನ್‌ಎಲ್_ಲಾಕ್' ಎಂಬಲ್ಲಿ ನಿಂತಿತ್ತು. ಸಾಧನಗಳು ಕಂಡಂತೆ ಅವನ್ನು ಸಜ್ಜುಗೊಳಿಸುವ ಯೂಡೆವ್‌ನ ಕಾರ್ಯವೊಂದು ಅದೇ ಲಾಕಿಗಾಗಿ ನಿಂತಿತ್ತು. ಕೆವರ್ಕರ್ ಎಂಬ ಕರ್ನಲ್ ಥ್ರೆಡ್ ಡ್ರೈವರಿನ ರೀಸೆಟ್ ಕೆಲಸವನ್ನು ಎತ್ತಿಕೊಂಡು, ಅದರ ಮೊದಲ ಹೆಜ್ಜೆಯಲ್ಲೇ ಅದೇ ಲಾಕಿನ ಮುಂದೆ ನಿಂತಿತ್ತು. ಆರ್‌ಟಿಎನ್‌ಎಲ್ ಎನ್ನುವುದು ನೆಟ್‌ವರ್ಕ್ ಸಾಧನಗಳ ಸಂರಚನೆಯನ್ನೆಲ್ಲ ಕಾಯುವ ದೊಡ್ಡ ಲಾಕ್, ಅಂದರೆ ಒಮ್ಮೆಗೆ ಒಬ್ಬರೇ ಹಿಡಿಯಬಹುದಾದ ಬೀಗ. ಇಂಟರ್‌ಫೇಸನ್ನು ನೋಂದಾಯಿಸಲು, ಏರಿಸಲು, ಇಳಿಸಲು, ಹೆಸರು ಬದಲಿಸಲು ಅದನ್ನು ಹಿಡಿಯಬೇಕು. ಒಬ್ಬರು ಅದನ್ನು ಹಿಡಿದು ಬಿಡದಿದ್ದರೆ ಕಾರ್ಡಿಗೆ ಸಂಬಂಧವೇ ಇಲ್ಲದ ನೆಟ್‌ವರ್ಕ್ ಕೆಲಸಗಳೂ ಸಾಲುಗಟ್ಟಿ ನಿಲ್ಲುತ್ತವೆ. ಹೀಗಾಗಿ ವರದಿಯಲ್ಲಿ ಹೆಸರು ಬಂದವರಲ್ಲಿ ಹೆಚ್ಚಿನವರು ಬಲಿಪಶುಗಳು. ಲಾಕ್ ಯಾರ ಕೈಯಲ್ಲಿದೆ ಎಂಬುದೊಂದೇ ಉಳಿದ ಪ್ರಶ್ನೆಯಾಗಿತ್ತು.

ಅದಕ್ಕೆ ಉತ್ತರ ಬೇರೆಯವರಂತೆ ಕಾಣದಿದ್ದ ಒಂದೇ ಒಂದು ಸ್ಟ್ಯಾಕ್‌ನಲ್ಲಿತ್ತು. ಅದು ನೆಟ್‌ವರ್ಕ್ ಸಂರಚನೆ ಮಾಡುವ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿಯದು. ಕೆಳಗಿನಿಂದ ಮೇಲಕ್ಕೆ ಓದಿದರೆ, ಅದು .0 ಪೋರ್ಟಿನ ಇಂಟರ್‌ಫೇಸನ್ನು ಏರಿಸಲು ಕರ್ನಲ್‌ಗೆ ಕೋರಿಕೆ ಕೊಟ್ಟಿತ್ತು. ಕೋರಿಕೆಯನ್ನು ಸ್ವೀಕರಿಸುವ 'ಆರ್‌ಟಿನೆಟ್‌ಲಿಂಕ್_ಆರ್‌ಸಿವಿ_ಎಂಎಸ್‌ಜಿ' ಆರ್‌ಟಿಎನ್‌ಎಲ್ ಹಿಡಿದುಕೊಂಡಿತ್ತು. ಅದರ ಮೇಲೆ ಡ್ರೈವರಿನ ಓಪನ್ ಕಾರ್ಯ. ಅದರ ಮೇಲೆ 'ಕ್ಯಾನ್ಸಲ್_ವರ್ಕ್_ಸಿಂಕ್'. ತುದಿಯಲ್ಲಿ ಯಾವುದೋ ಕೆಲಸ ಮುಗಿಯಲೆಂದು ಕಾಯುವ 'ವೇಟ್_ಫಾರ್_ಕಂಪ್ಲೀಶನ್'. ಓಪನ್ ಕಾರ್ಯದ ಹೆಸರಿನ ಮುಂದಿದ್ದ ಆಫ್‌ಸೆಟ್ ಸಂಖ್ಯೆಯನ್ನು ಕರ್ನಲ್ ಮೂಲದೊಂದಿಗೇ ಬರುವ ಫ್ಯಾಡರ್2ಲೈನ್ ಸ್ಕ್ರಿಪ್ಟಿಗೆ ಕೊಟ್ಟಾಗ ಡ್ರೈವರಿನ ಮೂಲದಲ್ಲಿ ಖಚಿತವಾದ ಸಾಲು ಸಿಕ್ಕಿತು. ಓಪನ್ ವಿಫಲವಾದಾಗ ಕೈತೊಳೆದುಕೊಂಡು ಹೊರಬೀಳುವ ಭಾಗ ಅದು, ಮತ್ತು ಅಲ್ಲಿ ರದ್ದುಮಾಡಲು ಹೊರಟಿದ್ದದ್ದು ಅದೇ ರೀಸೆಟ್ ಕೆಲಸವನ್ನು.

ಈಗ ಚಿತ್ರ ಪೂರ್ತಿಯಾಯಿತು. ಓಪನ್ ಕಾರ್ಯ ಕಾರ್ಡಿನ ಫರ್ಮ್‌ವೇರಿಗೆ ಒಂದು ಆಜ್ಞೆ ಕಳುಹಿಸಿ ಉತ್ತರಕ್ಕೆ ಕಾದಿತ್ತು. ಉತ್ತರ ನಿಗದಿತ ಸಮಯದಲ್ಲಿ ಬರಲಿಲ್ಲವೆಂದು ರೀಸೆಟ್ ಕೆಲಸವನ್ನು ಹಿನ್ನೆಲೆ ಕೆಲಸಗಳ ಸಾಲಾದ ವರ್ಕ್‌ಕ್ಯೂಗೆ ಹಾಕಿತು. ಬಳಿಕ ತಾನು ಸೋತೆನೆಂದು ಮರಳುವ ಮುನ್ನ ಆ ಕೆಲಸವನ್ನು ರದ್ದುಮಾಡಲು ಹೋಯಿತು. ಆದರೆ 'ಕ್ಯಾನ್ಸಲ್_ವರ್ಕ್_ಸಿಂಕ್', ಕೆಲಸ ಆಗಲೇ ಶುರುವಾಗಿದ್ದರೆ ಅದು ಮುಗಿಯುವ ತನಕ ಕಾಯುತ್ತದೆ. ಆ ಕೆಲಸವೋ ಆರ್‌ಟಿಎನ್‌ಎಲ್ ಸಿಗದೆ ಮುಂದಕ್ಕೆ ಹೋಗದು. ಆರ್‌ಟಿಎನ್‌ಎಲ್ ಓಪನ್‌ನ ಕೈಯಲ್ಲೇ ಇದೆ. ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಕಂಪ್ಯೂಟರಿನೊಳಗೆ ನನಗೆ ಕಂಡಿಲ್ಲ. ಎರಡೂ ಕಡೆಯವು ಅಡ್ಡಿಪಡಿಸಲಾಗದ ನಿದ್ರೆಯಲ್ಲಿದ್ದವು. ಈ ನಿದ್ರೆಯಲ್ಲಿರುವ ಪ್ರಕ್ರಿಯೆಯನ್ನು ಕೊಲ್ಲುವ ಸಂಕೇತವಾದ ಸಿಗ್‌ಕಿಲ್ ಸಹ ಎಬ್ಬಿಸಲಾರದು. ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಮತ್ತು ಯೂಡೆವ್ ತಂತಮ್ಮ ಕಾಲಮಿತಿ ಮುಗಿದ ಮೇಲೆ ಕೊಲ್ಲಲು ಎಷ್ಟು ಯತ್ನಿಸಿದರೂ ಯಂತ್ರ ಜಗ್ಗದೆ ಕೂತಿದ್ದು ಇದಕ್ಕಾಗಿ.

ಸ್ಟ್ಯಾಕ್‌ಗಳನ್ನು ಓದಿ ಕಟ್ಟಿದ ಈ ಕಥೆಯನ್ನು ಬೇರೊಂದು ಸಾಕ್ಷಿಯಿಂದ ದೃಢಪಡಿಸಿಕೊಳ್ಳುವುದು ಅಗತ್ಯವಾಗಿತ್ತು. ಅದಕ್ಕೆ ಲಾಕ್‌ಡೆಪ್ ಸೇರಿಸಿ ಕರ್ನಲನ್ನು ಮತ್ತೆ ಕಟ್ಟಿದೆ. ಇಂಗೊ ಮೊಲ್ನಾರ್ ಬರೆದ ಈ ಪರೀಕ್ಷಕ 2006ರಲ್ಲಿ 2.6.18 ಆವೃತ್ತಿಯೊಂದಿಗೆ ಕರ್ನಲ್ ಸೇರಿತು. ಯಾವ ಲಾಕ್ ಹಿಡಿದಿರುವಾಗ ಯಾವ ಲಾಕನ್ನು ಕೇಳಲಾಯಿತೆಂಬ ಕ್ರಮವನ್ನು ಅದು ನೆನಪಿಟ್ಟುಕೊಳ್ಳುತ್ತ ಹೋಗುತ್ತದೆ, ಮತ್ತು ವರ್ಕ್‌ಕ್ಯೂ ಕೆಲಸಕ್ಕಾಗಿ ಕಾಯುವುದನ್ನೂ ಒಂದು ಲಾಕ್ ಹಿಡಿದಂತೆಯೇ ಎಣಿಸುತ್ತದೆ. ಇದರಿಂದ ದೊಡ್ಡ ಅನುಕೂಲವೆಂದರೆ ಯಂತ್ರ ನಿಜವಾಗಿ ನಿಲ್ಲಬೇಕೆಂದೇ ಇಲ್ಲ: ವಿರುದ್ಧ ಕ್ರಮದ ಎರಡೂ ದಾರಿಗಳು ಒಂದೇ ಬೂಟಿನಲ್ಲಿ ಬೇರೆ ಬೇರೆ ಹೊತ್ತಿಗೆ ನಡೆದಿದ್ದರೂ ಲಾಕ್‌ಗಳ ಅವಲಂಬನೆ ಸುತ್ತಿಕೊಳ್ಳಬಹುದೆಂದು ಅದು ಎಚ್ಚರಿಸುತ್ತದೆ. ನಿಂತ ಯಂತ್ರದಲ್ಲಿ ಇನ್ನೊಂದು ಉಪಯೋಗವೂ ಆಯಿತು. ಸೀರಿಯಲ್ ಕನ್ಸೋಲಿನಿಂದ ಬ್ರೇಕ್ ಸಂಕೇತ ಕಳುಹಿಸಿ, ಐದು ಸೆಕೆಂಡಿನೊಳಗೆ 'ಡಿ' ಅಕ್ಷರ ಒತ್ತಿದರೆ ಸಿಸ್‌ಆರ್‌ಕ್ಯೂ ಆ ಕ್ಷಣದಲ್ಲಿ ಹಿಡಿದಿರುವ ಲಾಕ್‌ಗಳನ್ನೆಲ್ಲ ಪಟ್ಟಿ ಮಾಡುತ್ತದೆ. ಅದರಲ್ಲಿ ಆರ್‌ಟಿಎನ್‌ಎಲ್ ಹೆಸರಿನ ಎದುರು ನೆಟ್‌ವರ್ಕ್‌ಡಿ ನಿಂತಿತ್ತು.

ಆದರೂ ನನಗೆ ಸಮಾಧಾನವಾಗಲಿಲ್ಲ. ಉತ್ತರ ಬಾರದಿದ್ದಾಗ ಯಂತ್ರ ಶಾಶ್ವತವಾಗಿ ಏಕೆ ನಿಲ್ಲುತ್ತದೆಂಬುದು ಗೊತ್ತಾಗಿತ್ತು. ಉತ್ತರವೇ ಏಕೆ ಬರುವುದಿಲ್ಲ ಎಂಬುದು ಗೊತ್ತಾಗಿರಲಿಲ್ಲ. ಅದನ್ನು ಹುಡುಕಲು, ತೊಂದರೆ ಬೇಕೆಂದಾಗ ಮರುಕಳಿಸುವಂತಿರಬೇಕು. ಐದರಲ್ಲಿ ಒಂದು ಬೂಟ್ ನಿಲ್ಲುತ್ತದೆ ಎಂದುಕೊಂಡರೂ, ದೋಷವಿರುವ ಕರ್ನಲ್ ಸತತ ಹತ್ತು ಬೂಟುಗಳಲ್ಲಿ ಒಮ್ಮೆಯೂ ನಿಲ್ಲದೆ ಪಾರಾಗುವ ಸಂಭವ ಶೇ. 11ರಷ್ಟಿರುತ್ತದೆ; ಅದನ್ನು ಶೇ. 1ರ ಸನಿಹಕ್ಕೆ ತರಲು ಇಪ್ಪತ್ತು ಬೂಟು ಬೇಕು. ಇಂಥ ಲೆಕ್ಕಾಚಾರವಿಲ್ಲದೆ ಕೆಲವು ಸಲ ಎದ್ದ ಕೂಡಲೇ 'ಸರಿಹೋಯಿತು' ಎನ್ನುವುದು ಈ ಕ್ಷೇತ್ರದಲ್ಲಿ ತೀರ ಸಾಮಾನ್ಯವಾಗಿದೆ, ಮತ್ತು ಮುಚ್ಚಿದ ಎಷ್ಟೋ ದೂರುಗಳು ಮತ್ತೆ ತೆರೆದುಕೊಳ್ಳುವುದು ಇದರಿಂದಲೇ ಎಂದು ನಾನು ಬಲವಾಗಿ ನಂಬುತ್ತೇನೆ.

ಮೊದಲಿಗೆ ಡ್ರೈವರನ್ನು ಬೂಟಿನಿಂದ ಹೊರಗಿಟ್ಟು, ಡಿಸ್ಕಿನ ಗುಪ್ತಪದವನ್ನು ಕೈಯಾರೆ ಕೊಟ್ಟು ಯಂತ್ರವನ್ನು ಎಬ್ಬಿಸಿ, ಆಮೇಲೆ ಡ್ರೈವರನ್ನು ಲೋಡ್ ಮಾಡಿ ನೋಡಿದೆ. ಇದಕ್ಕೆ ಬಳಸಬೇಕಾದದ್ದು 'ಮಾಡ್‌ಪ್ರೋಬ್.ಬ್ಲಾಕ್‌ಲಿಸ್ಟ್' ಆಯ್ಕೆ; ಅದು ತಾನಾಗಿ ಲೋಡ್ ಆಗುವುದನ್ನು ಮಾತ್ರ ತಡೆಯುತ್ತದೆ, ಹೆಸರು ಹಿಡಿದು ಕೇಳಿದರೆ ಬಿಡುತ್ತದೆ. 'ಮಾಡ್ಯೂಲ್_ಬ್ಲಾಕ್‌ಲಿಸ್ಟ್' ಹಾಕಿದರೆ ಕರ್ನಲ್ಲೇ ನಿರಾಕರಿಸುವುದರಿಂದ ಮತ್ತೆ ಲೋಡ್ ಮಾಡಲು ಬರುವುದಿಲ್ಲ. ಹೀಗೆ ತಡವಾಗಿ ಲೋಡ್ ಮಾಡಿದಾಗ ತೊಂದರೆ ಒಮ್ಮೆಯೂ ಕಾಣಲಿಲ್ಲ. ವಿದ್ಯುತ್ ಕಡಿದು ಕೊಟ್ಟಾಗ ಇಲ್ಲ, ತಡವಾಗಿ ಲೋಡ್ ಮಾಡಿದಾಗಲೂ ಇಲ್ಲ. ಹಾಗಿದ್ದರೆ ಹಿಂದಿನ ಓಟದ ಸ್ಥಿತಿ ಕಾರ್ಡಿನಲ್ಲಿ ಉಳಿದಿರುವಾಗಲೇ ಹೊಸ ಕರ್ನಲ್ ಅದನ್ನು ಮುಟ್ಟುವುದರಲ್ಲಿ ಏನೋ ಇದೆ. ಈ ಊಹೆಯನ್ನು ಪರೀಕ್ಷಿಸಲು ಕೆಎಕ್ಸೆಕ್‌ಗಿಂತ ಒಳ್ಳೆಯ ಉಪಾಯವಿಲ್ಲ. ಕೆಎಕ್ಸೆಕ್, ಯಂತ್ರದ ಫರ್ಮ್‌ವೇರ್ ಹಂತವನ್ನು ಪೂರ್ತಿ ಬಿಟ್ಟು, ಓಡುತ್ತಿರುವ ಕರ್ನಲ್‌ನಿಂದ ನೇರವಾಗಿ ಹೊಸ ಕರ್ನಲ್‌ಗೆ ಜಿಗಿಯುತ್ತದೆ. ಹಳೆಯ ಕರ್ನಲ್ ಕಾರ್ಡನ್ನು ಯಾವ ಸ್ಥಿತಿಯಲ್ಲಿ ಬಿಟ್ಟಿತೋ ಅದೇ ಸ್ಥಿತಿಯಲ್ಲಿ ಹೊಸ ಡ್ರೈವರಿಗೆ ಅದು ಸಿಗುತ್ತದೆ. ಕೆಎಕ್ಸೆಕ್ ಮೂಲಕ ಹೋದಾಗ ಯಂತ್ರ ಹೆಚ್ಚುಕಡಿಮೆ ಪ್ರತಿ ಸಲವೂ ನಿಂತಿತು. ಅಪರೂಪಕ್ಕೆ ಬರುತ್ತಿದ್ದ ತೊಂದರೆ ಕೇಳಿದಾಗ ಬರುವಂತಾದದ್ದು ಇಡೀ ತನಿಖೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಘಟ್ಟ.

ಇದಾದ ಮೇಲೆ ಗಿಟ್ ಬೈಸೆಕ್ಟ್, ಅಂದರೆ ದೋಷ ತಂದ ಬದಲಾವಣೆಯನ್ನು ಇಬ್ಭಾಗಿಸುತ್ತ ಹುಡುಕುವುದು, ಸಾಧ್ಯವಾಯಿತು. ಒಂದು ಕರ್ನಲ್ ಆವೃತ್ತಿಯಿಂದ ಇನ್ನೊಂದಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳಿದ್ದರೂ, ಪ್ರತಿ ಹೆಜ್ಜೆಗೆ ಅರ್ಧವನ್ನು ಕಳೆಯುತ್ತ ಹೋದರೆ ಹದಿನಾಲ್ಕು ಹೆಜ್ಜೆಗಳಲ್ಲಿ 16,384 ಬದಲಾವಣೆಗಳನ್ನು ಜಾಲಾಡಬಹುದು. ಬೈಸೆಕ್ಟ್ ತೋರಿಸಿದ್ದು ಡ್ರೈವರಿನ ಪ್ರೋಬನ್ನು ಹಿನ್ನೆಲೆಗೆ ಸರಿಸಿದ ಬದಲಾವಣೆಯನ್ನು. ಅದನ್ನು ಹಿಂತೆಗೆದರೆ ತೊಂದರೆ ಮಾಯವಾಗುತ್ತಿತ್ತು. ಇಲ್ಲಿಗೇ ನಿಲ್ಲಿಸುವವರಿದ್ದಾರೆ, ನನಗೆ ಅದು ಒಪ್ಪಿಗೆಯಾಗಲಿಲ್ಲ. ಆ ಬದಲಾವಣೆಯಲ್ಲಿ ಲಾಕ್‌ಗಳ ಗೊಡವೆಯೇ ಇರಲಿಲ್ಲ. ಮೊದಲು ಎರಡು ಪೋರ್ಟುಗಳ ಪ್ರೋಬ್ ಒಂದಾದ ಮೇಲೊಂದು ನಡೆಯುತ್ತಿದ್ದಾಗ ಅದಕ್ಕೇ ಕೆಲವು ಸೆಕೆಂಡು ಹಿಡಿಯುತ್ತಿತ್ತು, ಆ ಹೊತ್ತಿಗೆ ಕಾರ್ಡಿನ ಫರ್ಮ್‌ವೇರ್ ತನ್ನ ಹಳೆಯ ಕೆಲಸಗಳನ್ನು ಮುಗಿಸಿ ಸುಮ್ಮನಾಗಿರುತ್ತಿತ್ತು. ಈಗ ಮೊದಲ ಪೋರ್ಟ್ ಬೇಗ ಸಿದ್ಧವಾಗುವುದರಿಂದ, ಎರಡನೆಯದರ ಪ್ರೋಬ್ ನಡೆಯುತ್ತಿರುವಾಗಲೇ ನೆಟ್‌ವರ್ಕ್‌ಡಿ ಮೊದಲನೆಯದನ್ನು ಏರಿಸಲು ಕೈಹಾಕುತ್ತಿತ್ತು. ಹಳೆಯ ದೋಷವನ್ನು ಮುಚ್ಚಿದ್ದ ತಡ ಕಳೆದುಹೋಗಿತ್ತು, ಅಷ್ಟೆ.

ಹಾಗಾಗಿ ಓಪನ್ ಕಾರ್ಯದ ಆರಂಭವನ್ನು ಸಾಲು ಸಾಲಾಗಿ ಓದಿದೆ. ಅದು ಮೊದಲು ಕಾರ್ಡನ್ನು ರೀಸೆಟ್ ಮಾಡಿ, ಸ್ಥಿತಿ ರಿಜಿಸ್ಟರಿನಲ್ಲಿ 'ಸಿದ್ಧ' ಎಂಬ ಬಿಟ್ 1 ಆಗುವ ತನಕ ಓದುತ್ತಿತ್ತು. ನೋಡಲು ಸರಿಯಾಗಿಯೇ ಇದೆ. ಓದಿದ ಬೆಲೆಯನ್ನು ಮುದ್ರಿಸುವ ಒಂದು ಸಾಲು ಸೇರಿಸಿ ಕೆಎಕ್ಸೆಕ್ ಮಾಡಿದಾಗ ಕಂಡದ್ದು, 32 ಬಿಟ್‌ಗಳೂ 1 ಆಗಿರುವ ಬೆಲೆ. ಪಿಸಿಐ ಎಕ್ಸ್‌ಪ್ರೆಸ್ ಸಾಧನ ಓದುವಿಕೆಗೆ ಉತ್ತರ ಕೊಡದಿದ್ದಾಗ ಎಕ್ಸ್86 ಯಂತ್ರಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇದೇ ಬೆಲೆ. ಎಲ್ಲ ಬಿಟ್‌ಗಳೂ 1 ಆಗಿದ್ದ ಮೇಲೆ 'ಸಿದ್ಧ' ಬಿಟ್ ಕೂಡ 1 ಆಗಿಯೇ ಕಾಣುತ್ತದೆ! ಕಾರ್ಡ್ ರೀಸೆಟ್‌ನಿಂದ ಇನ್ನೂ ಹೊರಬಂದೇ ಇಲ್ಲ. ಅದರ ಮೌನವನ್ನೇ ಡ್ರೈವರ್ ಒಪ್ಪಿಗೆಯೆಂದು ಓದಿ, ಕೇಳುವವರಿಲ್ಲದ ಕಡೆ ಆಜ್ಞೆ ಕಳುಹಿಸಿ, ಬಾರದ ಉತ್ತರಕ್ಕೆ ಕಾಯುತ್ತಿತ್ತು. ಇದೇ ಬೆಲೆ ತಿರುವುಮುರುವಾಗಿಯೂ ಕಾಡಬಲ್ಲದು: ಒಂದು ಬಿಟ್ 0 ಆಗುವ ತನಕ ಮಿತಿಯಿಲ್ಲದೆ ಓದುವ ಡ್ರೈವರಾಗಿದ್ದರೆ ಅದು ಹೊರಬರಲಾಗದೆ ಸುತ್ತುತ್ತ ಸಾಫ್ಟ್ ಲಾಕಪ್ ಆಗುತ್ತಿತ್ತು.

ತಿದ್ದುಪಡಿಯನ್ನು ಮೂರು ಬಿಡಿ ಪ್ಯಾಚ್‌ಗಳಾಗಿ ಬರೆದೆ. ಮೊದಲನೆಯದರಲ್ಲಿ ಓಪನ್‌ನ ವಿಫಲ ದಾರಿಯಿಂದ 'ಕ್ಯಾನ್ಸಲ್_ವರ್ಕ್_ಸಿಂಕ್' ಕರೆಯನ್ನು ತೆಗೆದು, ಡ್ರೈವರ್ ಸಾಧನವನ್ನು ಪೂರ್ತಿ ಬಿಟ್ಟುಕೊಡುವ ಹಂತದಲ್ಲಿ, ಇಂಟರ್‌ಫೇಸಿನ ನೋಂದಣಿ ರದ್ದಾಗಿ ಆರ್‌ಟಿಎನ್‌ಎಲ್ ಕೈಬಿಟ್ಟ ಮೇಲೆ ಇಟ್ಟೆ. ರೀಸೆಟ್ ಕೆಲಸ ಆರ್‌ಟಿಎನ್‌ಎಲ್ ಹಿಡಿದ ಕೂಡಲೇ 'ನೆಟಿಫ್_ರನ್ನಿಂಗ್' ಕೇಳಿ, ಇಂಟರ್‌ಫೇಸ್ ಏರಿಲ್ಲದಿದ್ದರೆ ಏನೂ ಮಾಡದೆ ಮರಳುತ್ತದೆ. ಓಪನ್ ವಿಫಲವಾದಾಗ ಕರ್ನಲ್ ಆ ಗುರುತನ್ನು ತಾನೇ ಅಳಿಸುವುದರಿಂದ ಇದು ಸಾಕಾಗುತ್ತದೆ. ರೀಸೆಟ್ ಕೆಲಸದಲ್ಲಿ 'ಆರ್‌ಟಿಎನ್‌ಎಲ್_ಟ್ರೈಲಾಕ್' ಬಳಸಿ, ಲಾಕ್ ಸಿಗದಿದ್ದರೆ ಕೆಲಸವನ್ನು ಮತ್ತೆ ಸಾಲಿಗೆ ಸೇರಿಸುವ ದಾರಿಯನ್ನು ಹಿಡಿಯುವ ಡ್ರೈವರುಗಳೂ ಇವೆ. ಬೂಟ್ ಹೊತ್ತಿನಲ್ಲಿ ಆ ಲಾಕಿಗೆ ಬಹಳ ಬೇಡಿಕೆ ಇರುವುದರಿಂದ, ಕೆಲಸ ಪದೇ ಪದೇ ಸಾಲಿಗೆ ಮರಳುತ್ತಿರುವುದು ನನಗೆ ಸರಿಕಾಣಲಿಲ್ಲ.

ಎರಡನೆಯ ಪ್ಯಾಚ್ 'ಸಿದ್ಧ' ಬಿಟ್ ನೋಡುವ ಮೊದಲು ಬೆಲೆ ಪೂರ್ತಿ 1ಗಳಿಂದ ತುಂಬಿಲ್ಲವೆಂದು ಖಚಿತಪಡಿಸಿಕೊಳ್ಳುತ್ತದೆ, ಮತ್ತು ಕಾಯುವಿಕೆಗೆ 'ರೀಡ್ಎಲ್_ಪೋಲ್_ಟೈಮ್‌ಔಟ್' ಮೂಲಕ ಮಿತಿ ಹಾಕುತ್ತದೆ. ಮೂರನೆಯದು ಯಂತ್ರ ಮುಚ್ಚುವಾಗ ಡ್ರೈವರಿನ ಶಟ್‌ಡೌನ್ ಕಾರ್ಯ ಫರ್ಮ್‌ವೇರಿಗೆ ಕೆಲಸ ನಿಲ್ಲಿಸೆಂದು ಸ್ಪಷ್ಟವಾಗಿ ಹೇಳಿ ಹೋಗುವಂತೆ ಮಾಡುತ್ತದೆ. ಮೂರರಲ್ಲಿ ಯಾವುದೇ ಒಂದನ್ನು ಹಾಕಿದರೂ ನಮ್ಮ ಯಂತ್ರಗಳು ನಿಲ್ಲುವುದು ತಪ್ಪುತ್ತಿತ್ತು. ಆದರೂ ಮೊದಲನೆಯದು ಇಲ್ಲದಿದ್ದರೆ ಕಾರ್ಡ್ ಬೇರಾವುದೋ ಕಾರಣಕ್ಕೆ ಉತ್ತರಿಸದ ದಿನ ಯಂತ್ರ ಮತ್ತೆ ಹೀಗೆಯೇ ನಿಲ್ಲುತ್ತಿತ್ತು, ಆದ್ದರಿಂದ ಡ್ರೈವರಿನ ನಿರ್ವಾಹಕರಿಗೆ ಕಳುಹಿಸುವಾಗ ಅದನ್ನೇ ಮುಂದಿಟ್ಟು, ಲಾಕ್‌ಡೆಪ್ ವರದಿಯನ್ನು ಅದರ ವಿವರಣೆಯಲ್ಲಿ ಪೂರ್ತಿಯಾಗಿ ಸೇರಿಸಿದೆ.

ಪರೀಕ್ಷೆಗೆ, ಎದ್ದ ಕೂಡಲೇ ಮತ್ತೆ ಕೆಎಕ್ಸೆಕ್ ಮಾಡಿಕೊಳ್ಳುವ ಒಂದು ಸಣ್ಣ ಸೇವೆಯನ್ನು ಯಂತ್ರದಲ್ಲಿಟ್ಟು ರಾತ್ರಿಯಿಡೀ ಓಡಲು ಬಿಟ್ಟೆ. ಪ್ಯಾಚ್‌ಗಳನ್ನು ಒಂದೊಂದಾಗಿಯೂ ಒಟ್ಟಾಗಿಯೂ ಹೀಗೆ ಪರೀಕ್ಷಿಸಿದೆ. ಮೊದಲನೆಯದು ಮಾತ್ರ ಇದ್ದಾಗ ಇಂಟರ್‌ಫೇಸ್ ಮೊದಲ ಯತ್ನದಲ್ಲಿ ಏರದೆ ದೋಷವನ್ನು ಮರಳಿಸುತ್ತಿತ್ತು, ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಕೇಳಿದಾಗ ಏರುತ್ತಿತ್ತು, ಮತ್ತು .1 ಪೋರ್ಟಿನ ಪ್ರೋಬ್ ಮರಳಿದ ಸಾಲು ಪ್ರತಿ ಲಾಗಿನಲ್ಲೂ ಇತ್ತು. ಮೂರೂ ಇದ್ದಾಗ ಮೊದಲ ಯತ್ನದಲ್ಲೇ ಏರಿತು. ನಿರ್ವಾಹಕರು ಎರಡನೆಯ ಪ್ಯಾಚಿನಲ್ಲಿದ್ದ ಕಾಲಮಿತಿಯನ್ನು ಹೆಚ್ಚಿಸಲು ಹೇಳಿದರು, ಏಕೆಂದರೆ ಅದೇ ಡ್ರೈವರ್ ನೋಡಿಕೊಳ್ಳುವ ಹಳೆಯ ಕಾರ್ಡುಗಳು ರೀಸೆಟ್‌ನಿಂದ ಹೊರಬರಲು ಇನ್ನೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. ಹೆಚ್ಚಿಸಿ ಮತ್ತೆ ಕಳುಹಿಸಿದ ಮೇಲೆ ಮೂರೂ ಸ್ವೀಕೃತವಾದವು. ಸೀರಿಯಲ್ ಕನ್ಸೋಲ್ ಮತ್ತು ಮಿತಿಯಿಲ್ಲದ ಹಂಗ್ ಟಾಸ್ಕ್ ಎಚ್ಚರಿಕೆಗಳನ್ನು ಮಾತ್ರ ಆ ಸರ್ವರುಗಳಿಂದ ನಾನು ತೆಗೆದಿಲ್ಲ.